ಬೆಂಕಿಗೆ ಹೊದಿಸುವ ಕಂಬಳಿ: ಕಲ್ನಾರಿನಿಂದ ಸೆರಾಮಿಕ್ ನ್ಯಾನೊ ಎಳೆಯವರೆಗೆ

ಕಕ್ಕಡದ ಮಳೆ ಹಿಡಿದಾಗ ಮಡಿಕೇರಿಯ ಮನೆಗಳಲ್ಲಿ ಪೆಟ್ಟಿಗೆಯಿಂದ ಹೊರಬರುವ ಕಂಬಳಿಯ ಬೆಚ್ಚನೆಯಲ್ಲಿ ಹೆಚ್ಚಿನ ಪಾಲು ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯದು. ಸಾವಿರ ಡಿಗ್ರಿ ಸೆಲ್ಸಿಯಸ್‌ನ ಕುಲುಮೆಗೆ ಹೊದಿಸುವ ಸೆರಾಮಿಕ್ ಹೊದಿಕೆಯೂ ಇದೇ ಉಪಾಯವನ್ನು ನಂಬಿದೆ. ಉಣ್ಣೆ ಬೂದಿಯಾಗುವ ಬಿಸಿಯಲ್ಲೂ ಉಳಿಯುವ ಎಳೆಗಾಗಿ ನಡೆದ ಹುಡುಕಾಟದಲ್ಲಿ, ಎಳೆ ತೆಳುವಾದಂತೆಲ್ಲ ಶಾಖ ತಡೆಯುವ ಗುಣ ಹೆಚ್ಚಿತು. ಅದನ್ನು ಕತ್ತರಿಸಿ ಕೂರಿಸುವ ಕೆಲಸಗಾರರ ಶ್ವಾಸಕೋಶದ ಪ್ರಶ್ನೆಯೂ ಅದರ ಬೆನ್ನಿಗೇ ಬಂತು.

ಮೊದಲು ಬಳಕೆಗೆ ಬಂದದ್ದು ಕಲ್ನಾರು. ತೋಟದ ಲೈನ್‌ಮನೆಗಳ ಮೇಲಿನ ಆಸ್ಬೆಸ್ಟಾಸ್ ಶೀಟಿನಿಂದ ಕೊಡಗಿನವರಿಗೆ ಅದು ಪರಿಚಿತ. ಬಾಯ್ಲರ್ ಕೊಳವೆಗಳಿಗೂ ಅದನ್ನೇ ಸುತ್ತುತ್ತಿದ್ದರು. ಅದರ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಅದಕ್ಕೆ ನಿಷೇಧವಿದ್ದರೂ, ನಮ್ಮಲ್ಲಿ ಆಮದಾದ ಬಿಳಿ ಕಲ್ನಾರಿನ ಬಳಕೆ ನಿಂತಿಲ್ಲ.

1940ರ ದಶಕದಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿ ಕೆಯೊಲಿನ್ ಜೇಡಿಯನ್ನು ಕರಗಿಸಿ, ಅದನ್ನು ಊದಿ ಎಳೆಯಾಗಿಸುವ ದಾರಿ ಕಂಡುಕೊಂಡಿತು. ಫಿಟರ್‌ಗಳು ಇಂದು ಸೆರಾಮಿಕ್ ವುಲ್ ಎನ್ನುವ, ಅಲ್ಯುಮಿನಾ ಮತ್ತು ಸಿಲಿಕಾಗಳಿಂದಾದ ಬಿಳಿ ಹೊದಿಕೆ ಹುಟ್ಟಿದ್ದು ಹೀಗೆ. ಇದರ ಸಾಮಾನ್ಯ ದರ್ಜೆಯನ್ನು 1260 ಡಿಗ್ರಿಗೆಂದು ಮಾರುತ್ತಾರೆ. ಎಳೆಯ ದಪ್ಪ ಸರಾಸರಿ ಎರಡು ಮೂರು ಮೈಕ್ರೊಮೀಟರ್. ಮೂರಕ್ಕಿಂತ ತೆಳುವಾದ, ಐದಕ್ಕಿಂತ ಉದ್ದವಾದ ಎಳೆ ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿದೆ. ದೇಹದ ದ್ರವದಲ್ಲಿ ಬೇಗ ಕರಗುವ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೆರೆತ ಎಳೆಗಳು ಬಂದದ್ದು ಈ ಆತಂಕದಿಂದಲೇ. ಕುಶಾಲನಗರದ ಕಾಫಿ ಹುರಿಯುವ ಡ್ರಮ್ಮಿನ ಇನ್ನೂರು ಚಿಲ್ಲರೆ ಡಿಗ್ರಿಗೆ ಕಲ್ಲನ್ನು ಕರಗಿಸಿ ಮಾಡಿದ ಎಳೆಯಾದ ರಾಕ್‌ವುಲ್ ಸಾಕಾಗುವಾಗ, ಅಲ್ಲಿ ಸೆರಾಮಿಕ್ ವುಲ್ ಸುತ್ತುವುದು ಅನಗತ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಕವಲು 1931ರಲ್ಲಿ ಅಮೆರಿಕದ ವಿಜ್ಞಾನಿ ಸ್ಯಾಮ್ಯುಯಲ್ ಕಿಸ್ಲರ್ ತಯಾರಿಸಿದ ಏರೋಜೆಲ್‌ನಿಂದ, ಅಂದರೆ ಜೆಲ್‌ನ ದ್ರವದ ಜಾಗದಲ್ಲಿ ಗಾಳಿ ತುಂಬಿದ ಹಗುರ ಘನವಸ್ತುವಿನಿಂದ, ಹೊರಡುತ್ತದೆ. ಸಾಮಾನ್ಯ ವಾತಾವರಣದಲ್ಲಿ ಗಾಳಿಯ ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಮುನ್ನ ಸುಮಾರು 70 ನ್ಯಾನೊಮೀಟರ್ ಸಾಗುತ್ತದೆ. ಅದಕ್ಕಿಂತ ಕಿರಿದಾದ ರಂಧ್ರದಲ್ಲಿ ಅದನ್ನು ಕೂಡಿಹಾಕಿದರೆ ಶಾಖ ದಾಟಿಸುವ ಅದರ ಶಕ್ತಿ ಕುಗ್ಗುತ್ತದೆ. ಸಿಲಿಕಾ ಏರೋಜೆಲ್ ನಿಂತ ಗಾಳಿಗಿಂತಲೂ ಚೆನ್ನಾಗಿ ಶಾಖ ತಡೆಯುವುದು ಇದರಿಂದ. ಆದರೆ ಅದು ಮುಟ್ಟಿದರೆ ಪುಡಿಯಾಗುತ್ತದೆ, ಹೆಚ್ಚಿನ ಬಿಸಿಯಲ್ಲಿ ಕುಗ್ಗಿ ಗಟ್ಟಿಯಾಗುತ್ತದೆ. ಮೇಲಾಗಿ ಕೆಲ್ವಿನ್ ಲೆಕ್ಕದಲ್ಲಿ ತಾಪ ಎರಡು ಪಟ್ಟಾದರೆ ವಿಕಿರಣ ಹದಿನಾರು ಪಟ್ಟಾಗುವುದರಿಂದ, ಕುಲುಮೆಯ ಬಿಸಿಯಲ್ಲಿ ಗಾಳಿಯನ್ನು ಹಿಡಿದಿಟ್ಟರಷ್ಟೇ ಸಾಲದು, ಬೆಳಕಿನಂತೆ ಹಾಯುವ ಶಾಖವನ್ನೂ ತಡೆಯಬೇಕು.

ಈ ಎರಡು ಕವಲುಗಳನ್ನು ಕೂಡಿಸಿದ್ದು ವಿದ್ಯುತ್ತಿನಿಂದ ನೂಲುವ ವಿಧಾನ. ಸಿಲಿಕಾದಂಥ ವಸ್ತುವಿನ ದ್ರಾವಣಕ್ಕೆ ಪಾಲಿಮರ್ ಬೆರೆಸಿ, ಸೂಜಿಯ ತುದಿಗೆ ಸಾವಿರಾರು ವೋಲ್ಟ್ ಕೊಟ್ಟರೆ ದ್ರಾವಣ ಜೇಡನ ನೂಲಿನಂತೆ ಹೊರಚಿಮ್ಮುತ್ತದೆ. ಕಾಯಿಸಿದಾಗ ಪಾಲಿಮರ್ ಸುಟ್ಟುಹೋಗಿ ಕೆಲವೇ ನೂರು ನ್ಯಾನೊಮೀಟರ್ ದಪ್ಪದ ಸೆರಾಮಿಕ್ ಎಳೆ ಉಳಿಯುತ್ತದೆ. ದಪ್ಪ ಗಾಜಿನ ಕಡ್ಡಿ ಮುರಿಯುವಲ್ಲಿ ಕೂದಲಿನಂಥ ಗಾಜಿನ ಎಳೆ ಬಾಗುವಂತೆ, ಈ ಎಳೆಗಳೂ ಬಾಗುತ್ತವೆ. 2018ರಲ್ಲಿ ಶಾಂಘೈನ ಡೊಂಗ್‌ಹುವಾ ವಿಶ್ವವಿದ್ಯಾಲಯದ ತಂಡ ಇಂಥ ಎಳೆಗಳಿಂದ ಕಟ್ಟಿದ ಏರೋಜೆಲ್ ಶೇ. 80ರಷ್ಟು ಅದುಮಿದರೂ ಮೊದಲಿನ ಆಕಾರಕ್ಕೆ ಮರಳಿತು; 1100 ಡಿಗ್ರಿಯವರೆಗೂ ಆ ಗುಣ ಕೆಡಲಿಲ್ಲ. 2022ರಲ್ಲಿ ಪ್ರಕಟವಾದ, ಜಿರ್ಕಾನ್ (ಜಿರ್ಕೋನಿಯಂ ಸಿಲಿಕೇಟ್) ಎಳೆಗಳ ಏರೋಜೆಲ್, ಕಾರ್ಬನ್ ನೆರವಿನಿಂದ ವಿಕಿರಣವನ್ನೂ ತಡೆದು, 1000 ಡಿಗ್ರಿಯಲ್ಲಿ ಮೀಟರಿಗೆ ಕೆಲ್ವಿನ್ ಒಂದಕ್ಕೆ 0.104 ವಾಟ್ ಮಾತ್ರ ಶಾಖವನ್ನು ದಾಟಲು ಬಿಟ್ಟಿತು.

ಈ ಸಾಧನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ ಜಿರ್ಕಾನ್ ದೇಹದ ದ್ರವದಲ್ಲಿ ಸುಲಭವಾಗಿ ಕರಗುವಂಥದಲ್ಲ. ಇಡಿಯಾಗಿದ್ದಾಗ ಉದ್ದವಾಗಿ ಹೆಣೆದುಕೊಂಡಿರುವ ಎಳೆ ವರ್ಷಗಟ್ಟಲೆ ಬಿಸಿಯಲ್ಲಿ ಕಾದು, ಅದುರಿ, ತುಂಡಾದ ಮೇಲೆ ಬೇರೆಯೇ ವಸ್ತು. ಹಳೆಯ ಸೆರಾಮಿಕ್ ವುಲ್‌ನಲ್ಲೂ ಹೀಗೇ ಆಗುತ್ತದೆ: ಸಾವಿರ ಡಿಗ್ರಿಗೂ ಮೇಲೆ ದೀರ್ಘ ಕಾಲ ಕಾದಾಗ ಅದರಲ್ಲಿ ಕ್ರಿಸ್ಟೊಬಲೈಟ್ ಎಂಬ ಸಿಲಿಕಾ ಹರಳು ಮೂಡುತ್ತದೆ, ಅದರ ದೂಳು ಕ್ಯಾನ್ಸರ್‌ಕಾರಕವೆಂದು ಸಾಬೀತಾಗಿದೆ. ಹಾಗಾಗಿ ಹೊಸ ಹೊದಿಕೆ ಹಾಕುವಾಗಿನದಕ್ಕಿಂತ ಹಳೆಯದನ್ನು ಬಿಚ್ಚುವಾಗಲೇ ಹೆಚ್ಚಿನ ಎಚ್ಚರ ಬೇಕು: ನೀರು ಚಿಮುಕಿಸಿ, ಕಣಗಳನ್ನು ತಡೆಯುವ ಮಾಸ್ಕ್ ಹಾಕಿ, ತುಣುಕುಗಳನ್ನು ಗುಡಿಸದೆ ಚೀಲದಲ್ಲಿ ಕಟ್ಟಿ ಸಾಗಿಸಬೇಕು.