ಲಬ್-ಡಬ್ ಕೇಳಿಸದೆ ಹೃದಯದ ಪಾಠ ಮಾಡೋದು ಹೇಗೆ?

ಕೆಲವು ವರ್ಷಗಳ ಹಿಂದೆ ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದವರಿಗೆ ಹೃದಯದ ಪಾಠವನ್ನು ಮೂರು ರೂಪದಲ್ಲಿ ಮಾಡಿಕೊಟ್ಟೆ. ನೋಡಿ ಕಲಿಯುವವರಿಗೆ ವಿಡಿಯೊ, ಕೇಳಿ ಕಲಿಯುವವರಿಗೆ ಆಡಿಯೊ, ಓದಿ ಕಲಿಯುವವರಿಗೆ ನೋಟ್ಸ್. ಅವರವರಿಗೆ ಇಷ್ಟವಾದದ್ದನ್ನು ಅವರು ಆರಿಸಿಕೊಂಡರು. ಆಮೇಲೆ ಆಡಿಯೊ ಕೇಳಿದವರ ಮುಂದೆ ಚಿತ್ರ ಇಟ್ಟು ಬಲ ಹೃತ್ಕರ್ಣ (ಹೃದಯದ ಬಲಭಾಗದ ಮೇಲಿನ ಕೋಣೆ) ತೋರಿಸಿ ಅಂದರೆ, ಹಲವರು ಎಡದ್ದನ್ನು ತೋರಿಸಿದರು. ಚಿತ್ರದಲ್ಲಿ ನಮ್ಮ ಎಡಗೈ ಕಡೆ ಕಾಣುವುದೇ ದೇಹದ ಬಲಭಾಗ, ಅಲ್ವಾ? ಇದನ್ನು ಹತ್ತು ಸಲ ಹೇಳುವುದಕ್ಕಿಂತ ಒಂದು ಸಲ ತೋರಿಸಬೇಕು. ತಪ್ಪು ಆ ಮಕ್ಕಳದಲ್ಲ, ನನ್ನದು.

ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ 1992ರಲ್ಲಿ ಮುಂದಿಟ್ಟ ವಾರ್ಕ್ ವಿಂಗಡಣೆ, ಅಂದರೆ ನೋಡಿ, ಕೇಳಿ, ಓದಿ-ಬರೆದು, ಮಾಡಿ ಕಲಿಯುವವರು ಎಂದು ಕಲಿಕೆಯ ಶೈಲಿಗಳನ್ನು ಬೇರ್ಪಡಿಸುವ ಕ್ರಮ, ನಮ್ಮ ಅಧ್ಯಾಪಕರ ತರಬೇತಿಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. ಆದರೆ ಶೈಲಿಗೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು 2008ರಲ್ಲೇ ಬರೆದರು. ಇಷ್ಟ ಬೇರೆ, ಕಲಿಕೆ ಬೇರೆ.

ಈಗ ನಾನು ವಿಷಯವನ್ನೇ ಕೇಳುತ್ತೇನೆ: ನಿನಗೆ ಏನು ಬೇಕು? ರಕ್ತ ಹರಿಯುವ ದಾರಿಗೆ ಚಲಿಸುವ ಚಿತ್ರ ಬೇಕು. ಕವಾಟ ಮುಚ್ಚುವುದಕ್ಕೆ ಸದ್ದು ಬೇಕು. ಹೃತ್ಕರ್ಣ ಮತ್ತು ಅದರ ಕೆಳಗಿನ ಕೋಣೆಯಾದ ಹೃತ್ಕುಕ್ಷಿಗಳ ನಡುವಿನ ಕವಾಟಗಳು ಮುಚ್ಚಿದಾಗ ಲಬ್, ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ಕವಾಟಗಳು ಮುಚ್ಚಿದಾಗ ಡಬ್. ನೋಡಿಯೇ ಕಲಿಯುತ್ತೇನೆ ಅನ್ನುವವರೂ ಇದನ್ನು ಕಿವಿಯಿಂದಲೇ ಕಲಿಯಬೇಕು. ನಾಳೆ ವಾರ್ಡಿನಲ್ಲಿ ಸ್ಟೆತಸ್ಕೋಪು ಚಿತ್ರ ತೋರಿಸುವುದಿಲ್ಲ.

ವಿದ್ಯಾರ್ಥಿಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಭಾಷೆಯಲ್ಲಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗಿಗೆ 'ಟ್ರೈಕಸ್ಪಿಡ್' (ಬಲ ಹೃತ್ಕರ್ಣ, ಹೃತ್ಕುಕ್ಷಿಗಳ ನಡುವಿನ ಕವಾಟ) ಎಂಬ ಪದ ಕಿವಿಗೆ ಬಿದ್ದರೂ ಬರೆಯಲು ಬರುವುದಿಲ್ಲ. ಹಾಗಂತ ಹೇಳಿದ್ದನ್ನೆಲ್ಲ ಪರದೆ ಮೇಲೆ ಸುರಿಯಬಾರದು. ಚಿತ್ರ ನೋಡುವುದೋ ಅಕ್ಷರ ಓದುವುದೋ ಎಂದು ಕಣ್ಣು ತಡಕಾಡುತ್ತದೆ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿದ್ದೂ ಇದನ್ನೇ. ನಾನು ಆ ಒಂದು ಪದವನ್ನು ಮಾತ್ರ, ಹೇಳುವ ಹೊತ್ತಿಗೆ ಸರಿಯಾಗಿ, ಕವಾಟದ ಪಕ್ಕದಲ್ಲೇ ಬರೆಯುತ್ತೇನೆ. ಪೂರ್ತಿ ಸಬ್‌ಟೈಟಲ್ ಬೇರೆಯಾಗಿ ಇರುತ್ತದೆ. ಕಿವಿ ಮಂದ ಇರುವವರು, ಇಂಗ್ಲಿಷ್ ಕಷ್ಟವಾಗುವವರು ಅದನ್ನು ಹಾಕಿಕೊಳ್ಳಬಹುದು.

ರಕ್ತದ ದಾರಿ ತೋರಿಸಲು ಕೆಂಪು, ನೀಲಿ ಬಣ್ಣಗಳನ್ನಷ್ಟೇ ನಂಬಬೇಡಿ. ಬಣ್ಣ ಗುರುತಿಸಲು ಕಷ್ಟಪಡುವವರು ಇರುತ್ತಾರೆ, ಬಾಣದ ಜೊತೆ ಹೆಸರೂ ಇರಲಿ. ವಿಡಿಯೊವನ್ನು ಚಿಕ್ಕ ಮೊಬೈಲಿನಲ್ಲಿ ಒಮ್ಮೆ ಹಾಕಿ ನೋಡಿ.

ನಲವತ್ತು ನಿಮಿಷದ ಪಾಠವನ್ನು ಈಗ ಐದಾರು ನಿಮಿಷದ ತುಂಡುಗಳಾಗಿ ಮಾಡಿದ್ದೇನೆ. ಪ್ರತಿ ತುಂಡಿನ ಕೊನೆಗೆ ಹೆಸರಿಲ್ಲದ ಹೃದಯದ ಚಿತ್ರವೊಂದು ಬರುತ್ತದೆ. ವಿಡಿಯೊ ನಿಲ್ಲಿಸಿ, ರಕ್ತ ಇಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಪೆನ್ಸಿಲಿನಲ್ಲಿ ಬಾಣ ಹಾಕಿಕೊಂಡು ಮುಂದಿನ ತುಂಡಿಗೆ ಹೋಗಬೇಕು.