ಎರಕದಲ್ಲಿ ವ್ಯಾಸ ಸರಿಯಾಗಿ ಬರಬೇಕಾದರೆ: ಕುಗ್ಗುವ ಲೆಕ್ಕ

ಫೌಂಡ್ರಿ ಪಾಠ ಓದುವವರು ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಅಚ್ಚಿನ ಅಳತೆಯೇ ಎರಕದ ಅಳತೆ ಅಲ್ಲ. 50 ಮಿ.ಮೀ. ವ್ಯಾಸದ ಅಚ್ಚಿಗೆ ಲೋಹ ಸುರಿದರೆ, ಆರಿದ ಮೇಲೆ ಕೈಗೆ ಸಿಗುವ ತುಂಡು 50 ಮಿ.ಮೀ. ಇರುವುದಿಲ್ಲ. ಎಷ್ಟು ಕಡಿಮೆ ಆಗುತ್ತದೆ ಅನ್ನುವುದು ಲೋಹದ ಮೇಲೆ ನಿಂತಿದೆ. ಅದು ಕುಗ್ಗುವಾಗ ಅಡ್ಡ ಏನಿದೆ ಅನ್ನುವುದರ ಮೇಲೂ ನಿಂತಿದೆ. ಈ ಎರಡನೆಯ ಮಾತನ್ನು ಪರೀಕ್ಷೆಗೆ ಓದುವಾಗ ಬಹಳ ಜನ ಬಿಟ್ಟುಬಿಡುತ್ತಾರೆ.

ಲೋಹ ಮೂರು ಹಂತದಲ್ಲಿ ಕುಗ್ಗುತ್ತದೆ: ದ್ರವವಾಗಿದ್ದಾಗ, ಗಟ್ಟಿಯಾಗುವಾಗ, ಗಟ್ಟಿಯಾದ ಮೇಲೆ ಆರುವಾಗ. ಮೊದಲ ಎರಡನ್ನು ರೈಸರ್, ಅಂದರೆ ಅಚ್ಚಿಗೆ ಸೇರಿಸಿ ಹೆಚ್ಚುವರಿ ಲೋಹ ತುಂಬಿಡುವ ಗುಂಡಿ, ನೋಡಿಕೊಳ್ಳುತ್ತದೆ. ಅಲ್ಲಿಂದ ಇಳಿಯುವ ಲೋಹ ಖಾಲಿ ಜಾಗ ತುಂಬುತ್ತದೆ. ಮೂರನೆಯದಕ್ಕೆ ರೈಸರ್ ಏನೂ ಮಾಡಲಾರದು. ಅದಕ್ಕೇ ಪ್ಯಾಟರ್ನನ್ನು, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿಯನ್ನು, ಸ್ವಲ್ಪ ದೊಡ್ಡದಾಗಿ ಮಾಡುತ್ತೇವೆ. ಒಂದು ಮೀಟರ್ ಉದ್ದಕ್ಕೆ ಬೀಡು ಕಬ್ಬಿಣಕ್ಕೆ ಸುಮಾರು 10 ಮಿ.ಮೀ., ಅಲ್ಯೂಮಿನಿಯಂಗೆ 13ರಿಂದ 16, ಹಿತ್ತಾಳೆಗೆ 16ರ ಆಸುಪಾಸು, ಉಕ್ಕಿಗೆ 20, ಸೀಸಕ್ಕೆ 25ರ ಹತ್ತಿರ. ಪುಸ್ತಕದಿಂದ ಪುಸ್ತಕಕ್ಕೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಬೆಳಗಾವಿಯ ಫೌಂಡ್ರಿಗಳಿಗೆ ಅಪ್ರೆಂಟಿಸ್ ಆಗಿ ಹೋಗುವವರು ಬೀಡಿನ ಸಂಖ್ಯೆಯನ್ನಾದರೂ ಬಾಯಿಪಾಠ ಮಾಡಿಕೊಳ್ಳಿ.

ಪ್ಯಾಟರ್ನ್ ಮಾಡುವವರ ಹತ್ತಿರ ಕಾಂಟ್ರಾಕ್ಷನ್ ಸ್ಕೇಲ್ ಇರುತ್ತದೆ. ಬೀಡಿನ ಸ್ಕೇಲಿನಲ್ಲಿ 1000 ಎಂದು ಬರೆದಿರುವ ಜಾಗ ನಿಜವಾಗಿ 1010 ಮಿ.ಮೀ. ದೂರದಲ್ಲಿರುತ್ತದೆ. ಅಂದರೆ ಲೆಕ್ಕ ಸ್ಕೇಲಿನೊಳಗೇ ಸೇರಿಹೋಗಿದೆ. ಅದನ್ನು ಹಿಡಿದುಕೊಂಡು ಮತ್ತೆ ಒಂದು ಪರ್ಸೆಂಟ್ ಸೇರಿಸಬೇಡಿ.

ಈಗ ನಿಜವಾಗಿ ತಲೆ ಕೆಡಿಸುವ ಜಾಗಕ್ಕೆ ಬರೋಣ. ಒಂದು ಬೀಡಿನ ಪುಲ್ಲಿ ಬೇಕು. ಮೆಷಿನಿಂಗ್ ಆದ ಮೇಲೆ ಹೊರವ್ಯಾಸ 300 ಮಿ.ಮೀ., ಒಳಗಿನ ತೂತು 100 ಮಿ.ಮೀ. ಲೇತ್‌ನಲ್ಲಿ ತೆಗೆಯಲು ಪ್ರತಿ ಬದಿಗೆ 3 ಮಿ.ಮೀ. ಬಿಡೋಣ. ಹೊರವ್ಯಾಸ ಸುಲಭ. 300ಕ್ಕೆ 6 ಸೇರಿಸಿದರೆ 306. ಅದಕ್ಕೆ ಒಂದು ಪರ್ಸೆಂಟ್ ಸೇರಿಸಿದರೆ 309.06. ಪ್ಯಾಟರ್ನ್ ಅಷ್ಟಿರಬೇಕು.

ತೂತಿಗೆ? ಮೆಷಿನಿಂಗ್‌ಗೆ ಲೋಹ ಬೇಕು, ಹಾಗಾಗಿ ತೂತು ಚಿಕ್ಕದಿರಬೇಕು: 100ರಿಂದ 6 ಕಳೆದರೆ 94. ಇಲ್ಲಿವರೆಗೆ ಎಲ್ಲರೂ ಸರಿ. ಆಮೇಲೆ "ಲೋಹ ಕುಗ್ಗಿದರೆ ತೂತು ಅಗಲ ಆಗುತ್ತೆ ಅಲ್ವಾ" ಎಂದುಕೊಂಡು ಒಂದು ಪರ್ಸೆಂಟ್ ಕಳೆಯುತ್ತಾರೆ. ಅದು ತಪ್ಪು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೇಗೆ ಕೂರಿಸುತ್ತಾರೆ, ನೆನಪಿಸಿಕೊಳ್ಳಿ. ಪಟ್ಟಿಯನ್ನು ಕೆಂಪಗೆ ಕಾಯಿಸುತ್ತಾರೆ. ಅದರ ಒಳವ್ಯಾಸ ಹಿಗ್ಗುತ್ತದೆ. ಮರದ ಚಕ್ರದ ಮೇಲೆ ಇಳಿಸಿ ನೀರು ಹಾಕಿದರೆ ಒಳವ್ಯಾಸ ಕುಗ್ಗಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆರುವಾಗ ತೂತೂ ಲೋಹದ ಜೊತೆಗೇ ಚಿಕ್ಕದಾಗುತ್ತದೆ. ಹಾಗಾಗಿ ತೂತು ಬರಲೆಂದು ಅಚ್ಚಿನೊಳಗೆ ಇಡುವ ಮರಳಿನ ತುಂಡಿನ, ಅಂದರೆ ಕೋರ್‌ನ ವ್ಯಾಸ 94ಕ್ಕೆ ಒಂದು ಪರ್ಸೆಂಟ್ ಸೇರಿಸಿ 94.94. ಮೆಷಿನಿಂಗ್ ಅಲವೆನ್ಸ್ ಕಳೆಯುತ್ತೇವೆ, ಕುಗ್ಗುವ ಅಲವೆನ್ಸ್ ಕೂಡುತ್ತೇವೆ. ಒಂದೇ ತೂತು, ಎರಡು ಚಿಹ್ನೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ದೊಡ್ಡ ತೂತುಗಳಲ್ಲಿ ಏಟು ಬೀಳುತ್ತದೆ. ಹೊರಮೈಗೆ ಒಳಮುಖವಾಗಿ ಸರಿಯಲು ಅಂಥ ಅಡ್ಡಿಯಿಲ್ಲ. ತೂತಿನ ಒಳಗೆ ಮಾತ್ರ ಮರಳಿನ ಕೋರ್ ಕೂತಿರುತ್ತದೆ. ಬಿಸಿಗೆ ಅದು ಬೇಗ ಪುಡಿಯಾದರೆ ಲೋಹ ಸಲೀಸಾಗಿ ಕುಗ್ಗುತ್ತದೆ. ಗಟ್ಟಿಯಾಗಿ ನಿಂತರೆ ತಡೆಯುತ್ತದೆ. 600 ಮಿ.ಮೀ. ತೂತನ್ನು ತೆಗೆದುಕೊಳ್ಳಿ. ಅದೇ ಲೆಕ್ಕದಲ್ಲಿ ಎರಕದ ತೂತು 594, ಕೋರ್ 599.94. ಕೋರ್ ಒಂದಿಷ್ಟೂ ಜಗ್ಗಲಿಲ್ಲ ಎಂದುಕೊಳ್ಳಿ. ತೂತು 599.94ರಲ್ಲೇ ಉಳಿಯುತ್ತದೆ. ಲೇತ್‌ಗೆ ತೆಗೆಯಲು ಲೋಹವೇ ಇಲ್ಲ! ಪೂರ್ತಿ ತಡೆ ಅನ್ನುವುದು ಅತಿಯಾದ ಉದಾಹರಣೆ, ನಿಜ. ಅರ್ಧ ತಡೆದರೂ ಬದಿಗೆ ಒಂದೂವರೆ ಮಿ.ಮೀ. ಹೋಯಿತು. ಜಾಸ್ತಿ ತಡೆದರೆ ಬಿಸಿಯಲ್ಲೇ ಬಿರುಕೂ ಬಿಡಬಹುದು. ಆದ್ದರಿಂದ ಹೊರವ್ಯಾಸಕ್ಕೂ ಒಳವ್ಯಾಸಕ್ಕೂ ಒಂದೇ ಪರ್ಸೆಂಟ್ ಹಾಕುವುದು ಶುರುವಿನ ಅಂದಾಜು ಮಾತ್ರ. ಮೊದಲ ಎರಕ ಪೂರ್ತಿ ಆರಿದ ಮೇಲೆ ಎರಡನ್ನೂ ಬೇರೆ ಬೇರೆ ಅಳೆದು, ಪ್ಯಾಟರ್ನನ್ನೂ ಕೋರ್ ಮಾಡುವ ಅಚ್ಚಾದ ಕೋರ್ ಬಾಕ್ಸನ್ನೂ ಬೇರೆ ಬೇರೆಯಾಗಿ ತಿದ್ದಬೇಕು.

ಪ್ಯಾಟರ್ನ್ ತೆಗೆಯುವ ಮುಂಚೆ ಅದನ್ನು ತಟ್ಟಿ ಸಡಿಲ ಮಾಡುತ್ತಾರಲ್ಲ, ಅದರಿಂದಲೂ ಮರಳಿನ ಗುಂಡಿ ಸ್ವಲ್ಪ ಅಗಲವಾಗುತ್ತದೆ. ದೊಡ್ಡ ತುಂಡಿಗೆ ಅದು ಲೆಕ್ಕಕ್ಕಿಲ್ಲ, ಸಣ್ಣದಕ್ಕೆ ಲೆಕ್ಕ.

ಸೀಸದ ಗುಂಡುಗಳ ಎರಕದಲ್ಲಿ ಇದೇ ಪಾಠ ಸಣ್ಣ ಅಳತೆಯಲ್ಲಿ ಕಾಣುತ್ತದೆ. ಅಮೆರಿಕದಲ್ಲಿ ಗುರಿ ಶೂಟಿಂಗ್ ಹವ್ಯಾಸದವರು ಎರಡು ಹೋಳಿನ ಲೋಹದ ಅಚ್ಚಿನಲ್ಲಿ ಗುಂಡು ಎರೆಯುತ್ತಾರೆ. ಒಂದೇ ಅಚ್ಚಿನಲ್ಲಿ ಬರಿ ಸೀಸದ ಗುಂಡು ಚಿಕ್ಕದಾಗಿ ಬರುತ್ತದೆ, ಆಂಟಿಮನಿ ಬೆರೆತದ್ದು ದೊಡ್ಡದಾಗಿ ಬರುತ್ತದೆ. ಆಂಟಿಮನಿ ಕುಗ್ಗುವಿಕೆಯನ್ನು ಕಡಿಮೆ ಮಾಡುತ್ತದೆ. ಹಳೆಯ ಮುದ್ರಣಾಲಯದಲ್ಲಿ ಅಕ್ಷರ ಎರೆಯುತ್ತಿದ್ದ ಲೈನೋಟೈಪ್ ಲೋಹದಲ್ಲಿ ಸುಮಾರು 84 ಭಾಗ ಸೀಸ, 12 ಆಂಟಿಮನಿ, 4 ತವರ ಇರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಅಕ್ಷರದ ಅಂಚು ಚೂಪಾಗಿ ಬರಬೇಕಿತ್ತು. ಹಾಗಾಗಿ ಅಚ್ಚಿನ ಮೇಲೆ ಬರೆದ ವ್ಯಾಸ ಯಾವ ಮಿಶ್ರಲೋಹಕ್ಕೆ ಎಂದು ಗೊತ್ತಿಲ್ಲದಿದ್ದರೆ ಆ ಸಂಖ್ಯೆಯಿಂದ ಉಪಯೋಗವಿಲ್ಲ.

ಅಚ್ಚು ಸಾಕಷ್ಟು ಬಿಸಿಯಾಗಿಲ್ಲದಿದ್ದರೆ ಲೋಹ ಮೂಲೆಗಳಿಗೆ ತುಂಬುವ ಮೊದಲೇ ಗಟ್ಟಿಯಾಗುತ್ತದೆ. ಮೈ ಸುಕ್ಕಾಗುತ್ತದೆ, ವ್ಯಾಸ ಕಡಿಮೆ ಬರುತ್ತದೆ. ಎರಡು ಹೋಳಿನ ನಡುವೆ ಸೀಸದ ಚೂರು ಅಂಟಿಕೊಂಡಿದ್ದರೆ ಅಚ್ಚು ಪೂರ್ತಿ ಮುಚ್ಚುವುದಿಲ್ಲ, ಗುಂಡು ಅಂಡಾಕಾರವಾಗುತ್ತದೆ. ಮೈಕ್ರೋಮೀಟರನ್ನು ಒಮ್ಮೆ ಗುಂಡಿನ ಮೇಲೆ ಹೋಳುಗಳು ಸೇರುವ ಕಡೆ ಕಾಣುವ ಜೋಡಣೆಯ ಗೆರೆಗಳ ಮೇಲೇ ಇಟ್ಟು ಅಳೆಯಿರಿ. ಆಮೇಲೆ ಗುಂಡನ್ನು ಕಾಲು ಸುತ್ತು ತಿರುಗಿಸಿ ಅಳೆಯಿರಿ. ಈ ಎರಡನೆಯ ಅಳತೆ ಜಾಸ್ತಿ ಇದ್ದರೆ ಮಿಶ್ರಲೋಹವನ್ನು ಬದಲಿಸಲು ಹೋಗಬೇಡಿ. ಮೊದಲು ಹೋಳುಗಳ ಮುಖ ಒರೆಸಿ ನೋಡಿ.