ಊಟದ ಟೇಬಲ್ಲು, ಮೂರು ಪಾತ್ರ, ಒಬ್ನೇ ನಟ

ಎಡಿಟಿಂಗ್ ಕಲಿಯೋಕೆ ಬರೋ ಹುಡುಗ್ರಿಗೆ ನಾನು ಮೊದಲು ಕೂರಿಸಿ ತೋರಿಸೋ ಸಿನಿಮಾ ‘ಬ್ಯಾಕ್ ಟು ದಿ ಫ್ಯೂಚರ್ ಪಾರ್ಟ್ 2’, ಕಾರಲ್ಲಿ ಕೂತು ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಹೋಗಿಬರೋ ಹುಡುಗನ ಕಥೆ. ಮೊದಲನೇ ಭಾಗಾನೇ ಚೆನ್ನಾಗಿದೆ ಅಂತ ಎಲ್ರೂ ಹೇಳ್ತಾರೆ, ನಾನೂ ಒಪ್ತೀನಿ, ಆದ್ರೆ ಎಡಿಟಿಂಗ್ ಟೇಬಲ್ ಮುಂದೆ ಕೂರೋರಿಗೆ ಪಾಠ ಇರೋದು ಎರಡನೇದ್ರಲ್ಲಿ, ಯಾಕಂದ್ರೆ ಹಳೇ ಸಿನಿಮಾ ಒಳಗೇ ವಾಪಸ್ ನುಗ್ಗಿ ಹೊಸ ಕಾಮಿಡಿ ಮಾಡ್ಬೇಕು ಅಂದ್ರೆ ಹೊಸ ಶಾಟು ಹಳೇ ಶಾಟಿಗೆ ಹೊಂದ್ಲೇಬೇಕು, ಒಂಚೂರು ಜರ್ಕ್ ಕಂಡ್ರೂ ನೋಡೋರು ನಗೋದು ಬಿಟ್ಟು ‘ಇದೇನಿದು’ ಅಂತಾರೆ, ಅಲ್ಲಿಗೆ ಸೀನ್ ಹೋಯ್ತು.

ಅಸಲಿಗೆ ಸೀಕ್ವೆಲ್ ಪ್ಲಾನೇ ಇರ್ಲಿಲ್ಲ ಅವರಿಗೆ. 1985ರಲ್ಲಿ ಮೊದಲನೇದು ಬಂದಾಗ ಕೊನೇಲಿ ಕಾರು ಹಾರ್ಕೊಂಡು ಹೋಗುತ್ತಲ್ಲ, ಅದು ಬರೀ ಜೋಕು. ‘ಮುಂದುವರಿಯುವುದು’ ಅನ್ನೋ ಕಾರ್ಡ್ ಥಿಯೇಟರ್ ಪ್ರಿಂಟಲ್ಲಿ ಇರ್ಲೇ ಇಲ್ಲ, ಆಮೇಲೆ ವಿಡಿಯೋ ಕ್ಯಾಸೆಟ್ ಬಿಟ್ಟಾಗ ಸೇರಿಸಿದ್ದು. ಆ ಜೋಕಲ್ಲಿ ಹೀರೋ ಮಾರ್ಟಿ ಜೊತೆ ಅವನ ಹುಡುಗಿ ಜೆನಿಫರ್‌ನೂ ಕಾರಿಗೆ ಹತ್ತಿಸ್ಬಿಟ್ಟಿದ್ರು. ಮುಂದಿನ ಭಾಗ ಬರುತ್ತೆ ಅಂತ ಗೊತ್ತಿದ್ದಿದ್ರೆ ಅವಳನ್ನ ಹತ್ತಿಸ್ತಾನೇ ಇರ್ಲಿಲ್ಲ ಅಂತ ಡೈರೆಕ್ಟರ್ ರಾಬರ್ಟ್ ಜೆಮೆಕಿಸ್ ಆಮೇಲೆ ಹೇಳಿದಾರೆ. ಅದಕ್ಕೇ ಪಾರ್ಟ್ 2 ಶುರುವಾದ ಸ್ವಲ್ಪ ಹೊತ್ತಿಗೇ ಅವಳನ್ನ ನಿದ್ದೆಗೆ ಕಳಿಸೋದು.

ಇನ್ನೊಂದು ಕಷ್ಟ ಏನಾಯ್ತಂದ್ರೆ ಜೆನಿಫರ್ ಮಾಡಿದ್ದ ಕ್ಲಾಡಿಯಾ ವೆಲ್ಸ್ ಅಮ್ಮನಿಗೆ ಹುಷಾರಿಲ್ದೆ ವಾಪಸ್ ಬರೋಕಾಗ್ಲಿಲ್ಲ, ಎಲಿಜಬೆತ್ ಶೂ ಬಂದ್ರು, ಹಾಗಾಗಿ ಮೊದಲನೇ ಭಾಗದ ಕೊನೇ ಸೀನನ್ನ ನಾಲ್ಕು ವರ್ಷ ಆದ್ಮೇಲೆ ಪೂರ್ತಿ ಮತ್ತೆ ಶೂಟ್ ಮಾಡ್ಬೇಕಾಯ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಅದೇ ಡೈಲಾಗ್, ಅದೇ ಬಟ್ಟೆ, ಅದೇ ಓಡಾಟ, ಮುಖ ಮಾತ್ರ ಬೇರೆ.

ಮಾರ್ಟಿಯ ಅಪ್ಪ ಜಾರ್ಜ್ ಪಾತ್ರದ ವಿಷ್ಯ ಮಾತ್ರ ನನಗೆ ಇವತ್ತಿಗೂ ಸರಿ ಅನ್ಸಲ್ಲ. ಮೊದಲನೇ ಭಾಗದಲ್ಲಿ ಆ ಪಾತ್ರ ಮಾಡಿದ್ದ ಕ್ರಿಸ್ಪಿನ್ ಗ್ಲೋವರ್ ಜೊತೆ ಮಾತುಕತೆ ಮುರಿದುಬಿತ್ತು, ಆಗ ಜೆಫ್ರಿ ವೈಸ್‌ಮನ್ ಅನ್ನೋ ನಟನಿಗೆ ಗ್ಲೋವರ್ ಥರಾನೇ ಕಾಣೋ ಹಾಗೆ ಪ್ರಾಸ್ಥೆಟಿಕ್ ಮೇಕಪ್, ಅಂದ್ರೆ ಮುಖದ ಆಕಾರಾನೇ ಬದಲಾಯಿಸೋ ಅಂಟಿಸೋ ಮೇಕಪ್, ಹಾಕಿದ್ರು, ಮಧ್ಯೆ ಮೊದಲನೇ ಭಾಗದ ಗ್ಲೋವರ್ ಶಾಟ್‌ಗಳನ್ನೂ ಸೇರಿಸಿದ್ರು. ಕಥೆ ಮುಂದಿನ ಕಾಲಕ್ಕೆ, 2015ಕ್ಕೆ ಹೋದಾಗ ಮನೇಲಿ ಜಾರ್ಜ್ ತಲೆಕೆಳಗಾಗಿ ನೇತಾಡ್ಕೊಂಡು ಬರ್ತಾನಲ್ಲ, ಬೆನ್ನು ನೋವಿಗೆ ಅಂತ ಕಥೇಲಿ ಹೇಳ್ತಾರೆ. ಆದ್ರೆ ತಲೆಕೆಳಗಾದ ಮುಖಾನ ನಮ್ಮ ಕಣ್ಣು ಬೇಗ ಗುರುತಿಸಲ್ಲ, ಯಾರು ಅಂತ ತಿಳಿಯೋದ್ರೊಳಗೆ ಶಾಟ್ ಮುಗ್ದಿರುತ್ತೆ. ಕೆಲಸದ ದೃಷ್ಟಿಯಿಂದ ತುಂಬಾ ಜಾಣ ಉಪಾಯ ನಿಜ, ಆದ್ರೆ ಒಬ್ಬ ನಟನ ಮುಖ ಅವನದ್ದೇ. ಗ್ಲೋವರ್ ಕೋರ್ಟಿಗೆ ಹೋದ್ರು, ಕೊನೆಗೆ ಕೋರ್ಟಿನ ಹೊರಗೆ ರಾಜಿ ಆಯ್ತು. ಈಗ ಕಂಪ್ಯೂಟರಲ್ಲಿ ಯಾರ ಮುಖ ಬೇಕಾದ್ರೂ ಕೂರಿಸೋ ಕಾಲ, ಅದಕ್ಕೇ ಹುಡುಗ್ರಿಗೆ ಈ ಕಥೆ ಹೇಳದೇ ನಾನು ಕ್ಲಾಸ್ ಮುಗಿಸಲ್ಲ.

ಈಗ ಊಟದ ಟೇಬಲ್. ವಯಸ್ಸಾದ ಮಾರ್ಟಿ, ಮಗ, ಮಗಳು ಮೂರೂ ಮೈಕೆಲ್ ಜೆ ಫಾಕ್ಸ್. ನಮ್ಮಲ್ಲಿ ಡಬಲ್ ಆಕ್ಟಿಂಗ್ ಹೊಸದೇನಲ್ಲ, 1978ರ ‘ಶಂಕರ್ ಗುರು’ನಲ್ಲಿ ಅಣ್ಣಾವ್ರು ಮೂರು ಪಾತ್ರ ಮಾಡಿದ್ರು. ಹಳೇ ಮಾಸ್ಕ್ ಶಾಟ್ ಅಂದ್ರೆ ಲೆನ್ಸ್ ಮುಂದೆ ಅರ್ಧಕ್ಕೆ ಕಪ್ಪು ಅಡ್ಡ ಇಟ್ಟು ಒಂದು ಪಾತ್ರ ಶೂಟ್ ಮಾಡಿ, ಫಿಲ್ಮ್ ಹಿಂದಕ್ಕೆ ಸುತ್ತಿ, ಇನ್ನರ್ಧದಲ್ಲಿ ಇನ್ನೊಂದು ಪಾತ್ರ ಶೂಟ್ ಮಾಡೋದು, ಅಷ್ಟು ಹೊತ್ತೂ ಕ್ಯಾಮೆರಾ ಕೂದಲೆಳೆಯಷ್ಟೂ ಅಲ್ಲಾಡೋ ಹಾಗಿಲ್ಲ. ಅದಕ್ಕೇ ಹಳೇ ಸಿನಿಮಾಗಳಲ್ಲಿ ಡಬಲ್ ಆಕ್ಟಿಂಗ್ ಶಾಟ್ ಬಂದ ತಕ್ಷಣ ಕ್ಯಾಮೆರಾ ಕಂಬದ ಥರ ನಿಂತ್ಬಿಡುತ್ತೆ.

ಇವ್ರು ಅದನ್ನೇ ಮುರಿದಿದ್ದು. ಸ್ಪೆಷಲ್ ಎಫೆಕ್ಟ್ಸ್ ಕಂಪನಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನೋರು ವಿಸ್ಟಾಗ್ಲೈಡ್ ಅಂತ ಒಂದು ಡಾಲಿ, ಅಂದ್ರೆ ಕ್ಯಾಮೆರಾ ಇಟ್ಟು ಚಲಿಸೋ ಗಾಡಿ, ಮಾಡಿದ್ರು, ಕ್ಯಾಮೆರಾ ಒಂದ್ಸಲ ಹೇಗೆ ಚಲಿಸ್ತೋ ಅದನ್ನ ಕಂಪ್ಯೂಟರ್ ನೆನಪಿಟ್ಕೊಳ್ಳುತ್ತೆ, ಆಮೇಲೆ ಎಷ್ಟು ಸಲ ಬೇಕಾದ್ರೂ ಅದೇ ಚಲನೆ, ಅದೇ ವೇಗ. ಫಾಕ್ಸ್ ಅಪ್ಪನಾಗಿ ಕೂತು ಮುಗಿಸ್ಬೇಕು, ಎದ್ದು ಹೋಗಿ ಮೇಕಪ್ ಬದಲಾಯಿಸ್ಕೊಂಡು ಮಗಳಾಗಿ ಬರ್ಬೇಕು, ಎದುರಿಗೆ ಇಲ್ದೇ ಇರೋ ತನ್ನನ್ನೇ ನೋಡ್ಕೊಂಡು ಸರಿಯಾದ ಟೈಮಿಗೆ ಡೈಲಾಗ್ ಹೇಳ್ಬೇಕು. ಕಾಮಿಡೀಲಿ ಟೈಮಿಂಗ್ ಅರ್ಧ ಸೆಕೆಂಡ್ ಆಚೀಚೆ ಆದ್ರೂ ನಗು ಬರಲ್ಲ, ಅಂಥದ್ರಲ್ಲಿ ಉತ್ತರ ಕೊಡೋನು ಇನ್ನೂ ಮೇಕಪ್ ಕುರ್ಚಿಗೇ ಹೋಗಿಲ್ಲ!

ನಾನೂ ಇದನ್ನ ಅನುಭವಿಸಿದೀನಿ. ಒಂದು ಸಿನಿಮಾದಲ್ಲಿ ಅಣ್ಣ ತಮ್ಮ ಇಬ್ರೂ ಒಬ್ನೇ ಹೀರೋ, ಅಣ್ಣನ ಪಾತ್ರ ಬೆಳಿಗ್ಗೆ, ತಮ್ಮನ ಪಾತ್ರ ಊಟ ಆದ್ಮೇಲೆ ತೆಗೆದ್ರು. ಎಡಿಟಿಂಗಿಗೆ ಬಂದಾಗ ನೋಡಿದ್ರೆ ಕಿಟಕಿ ಬಿಸಿಲು ಟೇಬಲ್ ಮೇಲೆ ಒಂದು ಗೇಣು ಜರುಗಿತ್ತು, ಮಧ್ಯದಲ್ಲಿದ್ದ ಸ್ಟೀಲ್ ಲೋಟಾನ ಯಾರೋ ಎತ್ತಿ ಬೇರೆ ಕಡೆ ಇಟ್ಟಿದ್ರು. ಜೋಡಿಸಿದಾಗ ಎಡಕ್ಕೆ ಅರ್ಧ ಲೋಟ, ಬಲಕ್ಕೆ ಏನೂ ಇಲ್ಲ. ಎರಡು ರಾತ್ರಿ ಕೂತು ಸರಿ ಮಾಡಿದ್ವಿ, ಆದ್ರೂ ಆ ಸೀನಿನ ಬೆಸ್ಟ್ ಟೇಕ್ ಬಿಡ್ಲೇಬೇಕಾಯ್ತು.

ಈ ಸಿನಿಮಾದ ಹೋವರ್‌ಬೋರ್ಡ್, ಅಂದ್ರೆ ಚಕ್ರ ಇಲ್ದೆ ಗಾಳೀಲಿ ತೇಲೋ ಸ್ಕೇಟ್‌ಬೋರ್ಡ್, ಬಗ್ಗೆ ಎಲ್ರಿಗೂ ಗೊತ್ತು, ಜೆಮೆಕಿಸ್ ಟಿವಿಯಲ್ಲಿ ತಮಾಷೆಗೆ ಅದು ನಿಜವಾದ್ದು ಅಂದಿದ್ದಕ್ಕೆ ಎಷ್ಟೋ ಜನ ನಂಬಿಬಿಟ್ರು. ನಿಜವಾಗಿ ಅದು ಕ್ರೇನಿಂದ ನೇತು ಹಾಕಿದ ವೈರ್. ಆ ಸೀನಲ್ಲಿ ಒಬ್ರು ಸ್ಟಂಟ್ ಕಲಾವಿದೆ ಕೆಳಗೆ ಬಿದ್ದು ಜೋರಾಗಿ ಪೆಟ್ಟು ಮಾಡ್ಕೊಂಡ್ರು, ನಾವು ನಕ್ಕೊಂಡು ನೋಡೋ ಸೀನಿನ ಹಿಂದೆ ಅದೂ ಇದೆ.

ಇಷ್ಟೆಲ್ಲಾ ಮಾಡ್ತಾ ಪಾರ್ಟ್ 3ನೂ ಬೆನ್ನಿಗೇ ಶೂಟ್ ಮಾಡಿದ್ರು. ಮೊದಲು ಎರಡೂ ಸೇರಿ ಒಂದೇ ಸ್ಕ್ರಿಪ್ಟ್ ಇತ್ತು, ದೊಡ್ಡದಾಗಿ ಎರಡಾಯ್ತು. ಪಾರ್ಟ್ 2ರ ಸೌಂಡ್ ಮಿಕ್ಸಿಂಗ್ ನಡೀತಿದ್ದಾಗ ಜೆಮೆಕಿಸ್ ದೂರದ ಲೊಕೇಷನ್ನಲ್ಲಿ ಪಾರ್ಟ್ 3 ಶೂಟ್ ಮಾಡ್ತಿದ್ರು, ಮಿಕ್ಸಿಂಗ್ ಜವಾಬ್ದಾರಿ ರೈಟರ್ ಬಾಬ್ ಗೇಲ್ ನೋಡ್ಕೊಂಡ್ರು, ಡೈರೆಕ್ಟರ್ ಶೂಟಿಂಗ್ ಮುಗಿಸಿ ಸಂಜೆ ವಿಮಾನ ಹತ್ತಿ ಬಂದು ಕೇಳಿ ಹೋಗ್ತಿದ್ರು. ಪಾರ್ಟ್ 2 ಬಂದಿದ್ದು 1989ರ ನವೆಂಬರ್ 22ಕ್ಕೆ, ಪಾರ್ಟ್ 3 ಮುಂದಿನ ಮೇ 25ಕ್ಕೆ. ಪಾರ್ಟ್ 2 ಮುಗಿದ ತಕ್ಷಣ ಮುಂದಿನದ್ದರ ತುಣುಕುಗಳನ್ನ ತೋರಿಸೋಕಾಗಿದ್ದು ಅದಕ್ಕೇ, ಈ ಸಲ ಮುಂದೇನು ಅಂತ ಅವರ ಹತ್ರ ಮೊದಲೇ ಇತ್ತು.